ಅರ್ಧ ಹೇಳಿ ಪಡೆದ ದಾನ

ಕೀಮೋ ಆದ ಮೇಲೆ ಅಕ್ಕನ ಮಗನ ಬಿಳಿ ರಕ್ತಕಣಗಳು ಪೂರ್ತಿ ಕುಸಿದವು. ಶ್ವಾಸಕೋಶಕ್ಕೆ ಫಂಗಸ್ ಹತ್ತಿತ್ತು, ಔಷಧಿಗೆ ಬಗ್ಗುತ್ತಿರಲಿಲ್ಲ. ಬೇರೆಯವರ ಬಿಳಿಕಣ ಏರಿಸಿ ನೋಡೋಣ ಎಂದರು ಡಾಕ್ಟರು. ನನಗೆ ಸಕ್ಕರೆ ಕಾಯಿಲೆ, ಕೊಡುವಂತಿರಲಿಲ್ಲ. ಮುಂಬಯಿಯಲ್ಲಿ ನಮಗೆ ನೆಂಟರೆಷ್ಟು? ಕನ್ನಡ ಸಂಘದ ನಾಟಕದಲ್ಲಿ ಪರಿಚಯವಾಗಿದ್ದ ವಿಜಯಪುರದ ಹುಡುಗನಿಗೆ ಫೋನು ಮಾಡಿದೆ. ‘ರಕ್ತ ಕೊಡಬೇಕಪ್ಪ’ ಎಂದಷ್ಟೇ ಹೇಳಿದೆ.

ಅದು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಬರೀ ರಕ್ತವಾದರೆ ಹತ್ತು ನಿಮಿಷದ ಕೆಲಸ. ಇದಕ್ಕೆ ಹಿಂದಿನ ಸಂಜೆಯೇ ದಾನಿಗೆ ಜಿ-ಸಿಎಸ್‌ಎಫ್ ಇಂಜೆಕ್ಷನ್, ಸ್ಟೀರಾಯ್ಡ್ ಮಾತ್ರೆ. ಮಜ್ಜೆಯಲ್ಲಿರುವ ಕಣಗಳು ರಕ್ತಕ್ಕಿಳಿಯಲಿ ಎಂದು. ಮೂಳೆ ನೋಯಬಹುದು, ತಲೆ ಸಿಡಿಯಬಹುದು. ಮರುದಿನ ಎರಡು ಮೂರು ತಾಸು ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಎಲ್ಲ ಹೇಳಿದರೆ ಹಿಂಜರಿದಾನು ಎಂದು ನುಂಗಿಕೊಂಡೆ.

1960ರ ದಶಕದಲ್ಲಿ ಅಮೆರಿಕದ ಎಮಿಲ್ ಫ್ರೈರೈಕ್ ಬಿಳಿಕಣ ತೆಗೆದದ್ದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳಿಂದ. ಅವರಲ್ಲಿ ಅವು ವಿಪರೀತ, ಹೆಚ್ಚಾದದ್ದನ್ನು ಕೊಟ್ಟರು. ಆರೋಗ್ಯವಂತನಲ್ಲಿ ಹೆಚ್ಚಾದದ್ದು ಇರುವುದಿಲ್ಲ, ಔಷಧಿ ಕೊಟ್ಟು ಹೆಚ್ಚಿಸಬೇಕು. ಅಲ್ಲಿಗೆ ದಾನದ ಪ್ರಶ್ನೆಯೇ ಬೇರೆಯಾಗುತ್ತದೆ.

ಇಷ್ಟಾಗಿಯೂ ಗುಣವಾಗುವ ಖಾತ್ರಿಯಿಲ್ಲ. 2015ರಲ್ಲಿ ಪ್ರಕಟವಾದ ‘ರಿಂಗ್’ ಅಧ್ಯಯನದ 114 ರೋಗಿಗಳಲ್ಲಿ, ಔಷಧಿಯ ಜೊತೆ ಬಿಳಿಕಣ ಪಡೆದವರಿಗೂ ಔಷಧಿ ಮಾತ್ರ ಪಡೆದವರಿಗೂ ಫಲ ಹೆಚ್ಚುಕಡಿಮೆ ಒಂದೇ. ಆದರೆ ಅಂದುಕೊಂಡಷ್ಟು ರೋಗಿಗಳು ಸೇರಲಿಲ್ಲ, ಕೆಲವರಿಗೆ ಸಾಕಷ್ಟು ಕಣಗಳೂ ಸಿಗಲಿಲ್ಲ. ಪ್ರಶ್ನೆ ಹಾಗೇ ಉಳಿಯಿತು.

ಆ ಸಂಜೆ ಡಾಕ್ಟರು ಹುಡುಗನಿಗೆ ಎಲ್ಲ ವಿವರಿಸಿದರು. ಅವನು ನನ್ನ ಕಡೆ ಒಮ್ಮೆ ನೋಡಿ ಸಹಿ ಹಾಕಿದ. ಹೊರಗೆ ಬಂದ ಮೇಲೆ ‘ಮೊದಲ ಹೇಳಿದ್ರೂ ಬರ್ತಿದ್ದೆ, ಅಣ್ಣಾ’ ಅಂದ.

ಆ ಸಹಿ ಕಾನೂನಿಗೆ ಸಾಕು. ಆದರೆ ವಾರ್ಡಿನ ಹೊರಗೆ ಕೂತ ಅಕ್ಕನ ಮುಖ ತೋರಿಸಿದ ಮೇಲೆ ‘ಒಲ್ಲೆ’ ಅನ್ನಲು ಅವನಿಗೆ ದಾರಿ ಎಲ್ಲಿತ್ತು? ಒಲ್ಲೆ ಅನ್ನಲಾಗದವನಿಂದ ಪಡೆದದ್ದು ವಸೂಲಿ. ಅವನು ಹೇಗೂ ಬರುತ್ತಿದ್ದ ಎಂಬುದು ನನ್ನ ತಪ್ಪನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ತಿಳಿದು ಕೊಡುವವನ ಹಿರಿತನವನ್ನು ನಾನು ಅವನಿಂದ ಕಿತ್ತುಕೊಂಡೆ.

ಅಕ್ಕನ ಮಗ ಉಳಿದ. ಅದೇ ವಾರ ಅವನವೇ ಕಣಗಳೂ ಏರತೊಡಗಿದ್ದವು. ಯಾವುದು ಉಳಿಸಿತೆಂದು ಹೇಳಲು ಬಾರದು. ಅವನು ಉಳಿದದ್ದು ನನ್ನ ಆ ಫೋನಿನ ಲೆಕ್ಕವನ್ನಂತೂ ತೀರಿಸುವುದಿಲ್ಲ.

ಈಗ ಯಾರಾದರೂ ದಾನಿ ಹುಡುಕಿಕೊಡಿ ಎಂದರೆ ಮೊದಲು ಇಂಜೆಕ್ಷನ್ನಿನ ವಿಷಯವನ್ನೇ ಹೇಳುತ್ತೇನೆ. ಇಬ್ಬರು ಒಲ್ಲೆ ಅಂದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.