ಕರ್ಮ ಮುಗಿದ ಮೇಲೆ ಫಲ ಕೊಡುವವರು ಯಾರು?

ಕಾಲೇಜಿನಲ್ಲಿ ಭಾರತೀಯ ದರ್ಶನ ಪಾಠ ಮಾಡುತ್ತಿದ್ದಷ್ಟು ವರ್ಷವೂ ಹುಡುಗರಿಗೆ ಆಕಳಿಕೆ ತರಿಸುತ್ತಿದ್ದ ಭಾಗ ಮೀಮಾಂಸಕರ ‘ಅಪೂರ್ವ’. ಯಜ್ಞ ಇವತ್ತೇ ಮುಗಿಯುತ್ತದೆ, ಸ್ವರ್ಗ ಸಿಗುವುದು ಸತ್ತ ಮೇಲೆ. ಇಲ್ಲವಾದ ಕರ್ಮ ಫಲ ಕೊಡುವುದು ಹೇಗೆ? ಕರ್ಮ ಅಳಿಯುವ ಮೊದಲು ಕಾಣದ ಶಕ್ತಿಯೊಂದನ್ನು ಹುಟ್ಟಿಸಿ ಹೋಗುತ್ತದೆ, ಫಲ ಬರುವ ತನಕ ಅದು ಉಳಿದಿರುತ್ತದೆ ಎಂದರು ಅವರು. ಶಂಕರರು ಒಪ್ಪಲಿಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯ, ಎರಡನೆಯ ಪಾದದ ಕೊನೆಗೆ ಅವರ ವಾದವಿದೆ: ಅಪೂರ್ವ ಜಡ, ಜಡ ತಾನಾಗಿ ಫಲ ಕೊಡಲಾರದು, ಕೊಡುವವನು ಈಶ್ವರ. ಪರೀಕ್ಷೆಗೆ ಐದು ಅಂಕದ ಟಿಪ್ಪಣಿ, ಅಷ್ಟೆ.

ಈ ಹಳೇ ಜಗಳ ನನಗೆ ಮತ್ತೆ ಬಿಸಿಯೇರಿದ್ದು ತಮ್ಮನ ಮಗಳ ಲ್ಯಾಬಿನಲ್ಲಿ. ಬೆಂಗಳೂರಿನಲ್ಲಿ ಸ್ಟೆಮ್ ಸೆಲ್‌ಗಳ ಮೇಲೆ ಅವಳ ಕೆಲಸ. ಅಕ್ಕರೆಯಿಂದ ಬೆಳೆಸಿದ ಕೋಶಗಳನ್ನು ಪಕ್ಕಕ್ಕಿಟ್ಟು, ಅವು ಎರಡು ದಿನ ಮುಳುಗಿದ್ದ ದ್ರವವನ್ನಷ್ಟೇ ಬಸಿದುಕೊಂಡಳು. ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎದುರುಬದುರು ಕೂರುವ ಟ್ಯೂಬುಗಳ ತೂಕವನ್ನು ಹನಿ ಹನಿ ಹಾಕಿ ಸಮಮಾಡಿದಳು. ಕೊನೆಯ ಸುತ್ತಿನಲ್ಲಿ ಯಂತ್ರ ತಿರುಗುವುದು ಗುರುತ್ವದ ಒಂದು ಲಕ್ಷ ಪಟ್ಟು ಬಲದಲ್ಲಿ. ಟ್ಯೂಬಿನ ಹೊರಮೈಗೆ ಮಾರ್ಕರ್‌ನಲ್ಲಿ ಮೊದಲೇ ಗುರುತು ಹಾಕಿದ್ದಳು. ಇಲ್ಲದಿದ್ದರೆ ತಳದಲ್ಲಿ ಕೂತ ಆ ಮಸುಕು ಎಲ್ಲಿದೆ ಎಂದೇ ತಿಳಿಯದು.

ಅದು ಎಕ್ಸೋಸೋಮ್, 30ರಿಂದ 150 ನ್ಯಾನೋಮೀಟರಿನ, ಪೊರೆ ಸುತ್ತಿದ ಸಣ್ಣ ಚೀಲಗಳು. 1983ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟೋನ್ ತಂಡ ಕುರಿಯ ಎಳೆಯ ರಕ್ತಕಣಗಳು ಇಂಥ ಚೀಲ ಹೊರಹಾಕುವುದನ್ನು ಕಂಡಾಗ, ಕೋಶ ತನಗೆ ಬೇಡದ್ದನ್ನು ಹೀಗೆ ಎಸೆಯುತ್ತದೆ ಎಂದೇ ಲೆಕ್ಕ. ಅವುಗಳ ಒಳಗಿನ ಆರ್‌ಎನ್‌ಎ ಇನ್ನೊಂದು ಕೋಶಕ್ಕೆ ಹೋಗಿ ಕೆಲಸ ಮಾಡುತ್ತದೆಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ತೋರಿಸಿದ್ದು 2007ರಲ್ಲಿ. ಈ ನಡುವೆ ವೈದ್ಯರಿಗೊಂದು ಒಗಟು. ರಕ್ತನಾಳಕ್ಕೆ ಕೊಟ್ಟ ಸ್ಟೆಮ್ ಸೆಲ್‌ಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಬಿದ್ದು ಕೆಲವೇ ದಿನಗಳಲ್ಲಿ ಅಳಿಯುತ್ತವೆ. ಗುಣ ಮಾತ್ರ ದೂರದ ಅಂಗದಲ್ಲೂ ಕಾಣುತ್ತದೆ. 2010ರಲ್ಲಿ ಸಿಂಗಪುರದ ಸಾಯ್ ಕಿಯಾಂಗ್ ಲಿಮ್ ಮತ್ತು ಸಂಗಡಿಗರು ಕೋಶ ಬಿಟ್ಟು ಚೀಲಗಳನ್ನಷ್ಟೇ ಇಲಿಗಳಿಗೆ ಕೊಟ್ಟರು. ಹೃದಯದ ಹಾನಿ ತಗ್ಗಿತು.

ಕರ್ತೃ ಇಲ್ಲ, ಫಲ ಇದೆ. ಇದನ್ನು ಹೇಳಿದ್ದೇ ತಡ, ಹಳೆಯ ಶಿಷ್ಯನೊಬ್ಬ ಅಪೂರ್ವ ಎಂದರೆ ಎಕ್ಸೋಸೋಮೇ, ಮೀಮಾಂಸೆಯ ಸೂತ್ರಕಾರ ಜೈಮಿನಿಗೆ ಎಲ್ಲ ಗೊತ್ತಿತ್ತು ಎಂದು ವಾಟ್ಸ್ಯಾಪಿನಲ್ಲಿ ಸಾರಿಬಿಟ್ಟ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕಾಣುವುದು ಅಪೂರ್ವವಾಗುವುದು ಹೇಗಯ್ಯಾ? ಅದು ಪ್ರತ್ಯಕ್ಷಕ್ಕೆ ಸಿಗದು ಎಂಬುದೇ ಮೀಮಾಂಸಕರ ಪಟ್ಟು.

ನನ್ನನ್ನು ಹಿಡಿದಿಟ್ಟದ್ದು ಶಂಕರರ ಆಕ್ಷೇಪ. ಜಡಕ್ಕೆ ವಿಳಾಸ ಗೊತ್ತೆ? ಒಂದು ಮಟ್ಟಿಗೆ ಗೊತ್ತು. ಚೀಲದ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನುಗಳನ್ನು ನೋಡಿ ಅದು ಶ್ವಾಸಕೋಶಕ್ಕೋ ಯಕೃತ್ತಿಗೋ ಎಂದು ಹೇಳಬಹುದೆಂದು 2015ರಲ್ಲಿ ತಿಳಿಯಿತು. ತಿಳಿದದ್ದು ಕ್ಯಾನ್ಸರ್ ಕೋಶಗಳ ಚೀಲಗಳಿಂದ! ಗೆಡ್ಡೆ ಹರಡಲು ಮುಂಚಿತವಾಗಿ ನೆಲ ಹದಮಾಡುವುದೂ ಇಂಥವೇ. ದಾರಿ ಗೊತ್ತು, ಧರ್ಮಾಧರ್ಮ ಗೊತ್ತಿಲ್ಲ. ಜೈಮಿನಿಗೆ ಅರ್ಧ ಗೆಲುವು ಕೊಡಬಹುದೇನೋ.

ಶಂಕರರ ಪಕ್ಷವನ್ನು ಹುಡುಗಿಯ ಮುಂದಿಟ್ಟೆ. “ದೊಡ್ಡಪ್ಪ, ನೀವು ಕೊಡೋರನ್ನೇ ಹುಡುಕ್ತಿದ್ದೀರಿ. ಇದು ಹೋಗಿ ಉರಿಯೂತ ತಗ್ಗಿಸುತ್ತೆ, ಕೋಶಗಳು ಸಾಯೋದನ್ನ ತಡೆಯುತ್ತೆ, ಹೊಸ ರಕ್ತನಾಳಕ್ಕೆ ಕುಮ್ಮಕ್ಕು ಕೊಡುತ್ತೆ. ಗಾಯ ಮುಚ್ಚೋದು ಗಾಯದ ಅಂಚಿನ ಕೋಶಗಳೇ” ಎಂದಳು.

ನಾನು ಪಾಠ ಮಾಡಿದ ವಾದದಲ್ಲಿ ಪೂರ್ವಪಕ್ಷವೂ ಸಿದ್ಧಾಂತವೂ ಜಗಳವಾಡಿದ್ದು ದಾತನ ಬಗ್ಗೆ. ಫಲ ಪಡೆಯುವವನು ಕೈಚಾಚಿ ಸುಮ್ಮನೆ ಕೂತಿರುತ್ತಾನೆ. ಇಲ್ಲಿ ಪಡೆಯುವವನೇ ಕರ್ತೃ. ಬಂದದ್ದನ್ನು ಒಳಗೆ ಬಿಟ್ಟುಕೊಂಡು, ಓದಿಕೊಂಡು, ತಾನೇ ದುಡಿಯಬೇಕು. ಹಾಗಾದರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಂತೆ, ಅಂಚಿನ ಕೋಶಗಳೇ ಸೋತು ಕೂತಿದ್ದರೆ ಫಲ ಯಾರ ಕೈಗೆ ಬಂದೀತು ಎಂದು ಕೇಳಿದೆ. ಸದ್ಯ ಅವಳು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಬೆನ್ನಿನ ಗಾಯವನ್ನು ದಿನ ಬಿಟ್ಟು ದಿನ ಅಳೆಯುತ್ತಿದ್ದಾಳೆ.