ಮೂಕಪ್ರಾಣಿಯ ಹಲ್ಲುನೋವು

ಹೊಸಕೆರೆಹಳ್ಳಿಯ ಗೃಹಸ್ಥನೊಬ್ಬನು ಸಾಕುನಾಯಿಯ ಹಲ್ಲಿನ ಚಿಕಿತ್ಸೆಗಾಗಿ ಊರು ದಾಟಿ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಹೊರಟರೆ ನೆರೆಯವರು ನಗುವುದುಂಟು. ಮನುಷ್ಯರಿಗೇ ದಂತವೈದ್ಯವು ದುರ್ಲಭವಾಗಿರುವಾಗ ಇದು ಸಿರಿವಂತಿಕೆಯ ಹುಚ್ಚಲ್ಲವೆ ಎಂಬುದು ಅವರ ಆಕ್ಷೇಪ. ಅದು ಹಗುರವಾದ ಮಾತಲ್ಲ. ಆದರೆ 42 ಹಲ್ಲುಗಳ ಬುಡದಲ್ಲಿ ಕಿಟ್ಟ ಕಟ್ಟಿ, ವಸಡು ಕೊಳೆತು, ಎಲುಬು ಸವೆಯುತ್ತಿದ್ದರೂ ನಾಯಿಯು ಬಾಲವಾಡಿಸುತ್ತ ಉಣ್ಣುತ್ತಲೇ ಇರುವುದು. ಬಾಯಿಯ ದುರ್ಗಂಧವೊಂದೇ ಅದರ ದೂರು. (ಯಜಮಾನನು ಅದನ್ನೂ ನಾಯಿಯ ಸಹಜಗುಣವೆಂದು ಬಗೆಯುವನು!)

ಕಾಡಿನ ತೋಳಕ್ಕೆ ವೈದ್ಯನಾರು ಎನ್ನಬಹುದು. ತೋಳವು ಯಾರ ಅನ್ನಕ್ಕೂ ಕಾದಿಲ್ಲ. ನಾಯಿಯ ಆಹಾರವನ್ನೂ ಬಾಳನ್ನೂ ಮಾರ್ಪಡಿಸಿದವನು ಮನುಷ್ಯನೇ. 1960ರ ಪ್ರಾಣಿಹಿಂಸಾ ನಿವಾರಣ ಶಾಸನವೂ ಪ್ರಾಣಿಯ ಕ್ಷೇಮವನ್ನು ಸಾಕಿದವನ ಕರ್ತವ್ಯವೆಂದೇ ವಿಧಿಸುತ್ತದೆ. ವಸಡಿನೊಳಗಿನ ಕಿಟ್ಟವನ್ನು ತೆಗೆಯಲು ಅರಿವಳಿಕೆ ಬೇಕು; ಮುದಿನಾಯಿಗೆ ಅದರಿಂದ ಅಪಾಯವೂ ಉಂಟು, ನಾಯಿಯ ಸಮ್ಮತಿ ಕೇಳುವಂತಿಲ್ಲ. ದಿನವೂ ಹಲ್ಲುಜ್ಜುತ್ತಿದ್ದರೆ ಈ ಸಂಕಟವು ಬಹುಮಟ್ಟಿಗೆ ತಪ್ಪುವುದು. ಮನುಷ್ಯರ ಪೇಸ್ಟು ಮಾತ್ರ ಕೂಡದು.