ಹೆಣಿಗೆಗೊಂದು ಹೆಸರು

ನಮ್ಮ ತಮ್ಮನ ಮಗಳು ಈ ಸಲದ ಕಾಲೇಜು ರಜೆಯಲ್ಲಿ ಮಣಿಯ ಕೈಪಟ್ಟಿ ಹೆಣೆಯುವುದನ್ನು ಕಲಿತಳು. ಚಾಪೆಯ ಮೇಲೊಂದು ಬಿಳಿ ಟವೆಲ್ ಹಾಸಿ, ಸಣ್ಣ ಸಣ್ಣ ತಟ್ಟೆಗಳಲ್ಲಿ ಬಣ್ಣವಾರು ಮಣಿ ಸುರಿದುಕೊಂಡು, ಗೋಡೆಗೆ ಒರಗಿಸಿಟ್ಟ ಮೊಬೈಲಿನಲ್ಲಿ ಯಾರೋ ಕಲಿಸಿಕೊಡುವುದನ್ನು ನೋಡುತ್ತಾ ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಇದಕ್ಕೇನು ಹೆಸರು ಎಂದು ಕೇಳಿದೆವು. ಹೆರಿಂಗ್‌ಬೋನ್ ಎಂದಳು. ಹೆರಿಂಗ್ ಎಂಬುದೊಂದು ಮೀನು, ಇದು ಅದರ ಮುಳ್ಳು. ಮೀನು ಯಾವ ಸಮುದ್ರದ್ದಾದರೂ ಇರಲಿ, ಹೆಣಿಗೆ ಯಾರದು ಎಂದು ಮತ್ತೆ ಕೇಳಿದೆವು. 'ಯಾರದೂ ಅಲ್ಲ, ಕಲಿತವರದು' ಎಂದು ನಕ್ಕು ಸೂಜಿಗೆ ಕಣ್ಣು ಹಚ್ಚಿದಳು. ಉತ್ತರ ಸರಿಯಾಗಿದೆಯೆಂದು ಆಗ ನಮಗೆ ತೋರಿತು. ರಾತ್ರಿ ಮಲಗುವ ಹೊತ್ತಿಗೆ ಅಷ್ಟೇನೂ ಸರಿಯಿಲ್ಲವೆಂದೂ ತೋರಿತು.

ಮೊದಲು ಹೆಣಿಗೆಯನ್ನೇ ನೋಡೋಣ. ಬೇಕಾಗುವುದು ಸಾಸಿವೆ ಕಾಳಿನಷ್ಟಿರುವ ಗಾಜಿನ ಮಣಿ. ಹನ್ನೊಂದನೇ ನಂಬರಿನದಾದರೆ ಅಗಲ ಸುಮಾರು 2 ಮಿಲಿಮೀಟರ್. ನಂಬರು ಹೆಚ್ಚಿದಷ್ಟೂ ಮಣಿ ಚಿಕ್ಕದು. ಜೊತೆಗೆ ಕೂದಲೆಳೆಯಂಥ ಸೂಜಿ, ನೈಲಾನ್ ದಾರ. ಮೊದಲ ಸಾಲನ್ನು ಏಣಿಯಂತೆ ಮಣಿಗೆ ಮಣಿ ಕಟ್ಟಿ ನಿಲ್ಲಿಸಬೇಕು. ಆಮೇಲೆ ಎರಡೆರಡು ಮಣಿ ಎತ್ತಿಕೊಂಡು, ಕೆಳಗಿನ ಸಾಲಿನ ಪಕ್ಕದ ಮಣಿಯೊಳಗೆ ಸೂಜಿಯನ್ನು ಇಳಿಸಿ, ಅದರಾಚೆಯ ಮಣಿಯೊಳಗಿಂದ ಮೇಲಕ್ಕೆ ತರಬೇಕು. ಇಳಿಯುವುದು, ಏರುವುದು, ಇಷ್ಟೇ. ಜೋಡಿಯ ಮಣಿಗಳು ನೆಟ್ಟಗೆ ನಿಲ್ಲುವುದಿಲ್ಲ. ಗುಟ್ಟು ಹೇಳಿಕೊಳ್ಳುವ ಅಕ್ಕತಂಗಿಯರಂತೆ ಒಂದಕ್ಕೊಂದು ತಲೆ ಆನಿಸಿ ಓರೆಯಾಗುತ್ತವೆ. ಜೋಡಿಯ ಮೇಲೆ ಜೋಡಿ ಕೂತಾಗ ಮುಳ್ಳಿನ ಸಾಲಿನಂಥ ವಿನ್ಯಾಸ ಮೂಡುತ್ತದೆ, ಪಟ್ಟಿ ಬಟ್ಟೆಯಂತೆ ಮೆತ್ತಗೆ ಬಾಗುತ್ತದೆ. ದಾರ ಬಿಗಿಯಾದರೆ ಮುದುಡುತ್ತದೆ, ಸಡಿಲವಾದರೆ ಸಂದಿನಲ್ಲಿ ದಾರ ಕಾಣುತ್ತದೆ. ಸಾಧಾರಣ ಅಗಲದ ಒಂದು ಕೈಪಟ್ಟಿಗೆ ಸಾವಿರಕ್ಕೂ ಹೆಚ್ಚು ಮಣಿ ಬೇಕು, ಒಂದೊಂದನ್ನೂ ಸೂಜಿಯ ಮೊನೆಯಿಂದಲೇ ಎತ್ತಬೇಕು. ಮೂರು ದಿನ ಕೂತ ಮೇಲೆ ನಮ್ಮ ಹುಡುಗಿ ಕತ್ತು ನೋವೆಂದು ಅಮ್ಮಿಯಿಂದ ಎಣ್ಣೆ ಹಚ್ಚಿಸಿಕೊಂಡಳು.

ಈ ಹೆಣಿಗೆಗೆ ಇನ್ನೊಂದು ಹೆಸರಿದೆ. ಎನ್‌ಡೆಬೆಲೆ. ಅದು ದಕ್ಷಿಣ ಆಫ್ರಿಕದ ಒಂದು ಜನಸಮುದಾಯದ ಹೆಸರು.

ಈ ಜನರ ಒಂದು ಶಾಖೆ ನ್ಯಾಬೆಲಾ ಎಂಬ ದೊರೆಯ ಕೆಳಗೆ ಗುಡ್ಡ ಗುಹೆಗಳ ನಾಡಿನಲ್ಲಿ ಬಾಳುತ್ತಿತ್ತು. 1882ರಲ್ಲಿ ಟ್ರಾನ್ಸ್‌ವಾಲಿನ ಬೋಯರ್ ಸರ್ಕಾರ ಅವರ ಮೇಲೆ ದಂಡೆತ್ತಿ ಬಂತು. ಮುತ್ತಿಗೆ ಹಾಕಿ ಹಸಿವಿನಿಂದ ಬಗ್ಗಿಸಿದ ಯುದ್ಧ ಅದು. 1883ರಲ್ಲಿ ದೊರೆ ಶರಣಾದ, ಸೆರೆಮನೆ ಸೇರಿದ. ನೆಲವನ್ನು ಗೆದ್ದವರು ಹಂಚಿಕೊಂಡರು. ಜನರನ್ನು ಚದುರಿಸಿ ಬಿಳಿಯರ ಹೊಲಗಳಲ್ಲಿ 5 ವರ್ಷಗಳ ಕರಾರಿನ ಜೀತಕ್ಕೆ ಹಚ್ಚಿದರು. ಕರಾರು ಮುಗಿದ ಮೇಲೂ ಹೋಗಲು ಅವರಿಗೆ ಊರೆಂಬುದು ಉಳಿದಿರಲಿಲ್ಲ. ಹೀಗೆ ಚೆಲ್ಲಾಪಿಲ್ಲಿಯಾದ ಜನ ತಾವು ಯಾರೆಂಬುದನ್ನು ಎಲ್ಲಿ ಬರೆದಿಡಬೇಕು? ಹೆಂಗಸರು ಅದನ್ನು ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದರು, ಮೈಮೇಲೆ ಮಣಿಯಲ್ಲಿ ಹೆಣೆದರು.

ಆ ಮಣಿಗೆಲಸ ಬರಿಯ ಅಲಂಕಾರವಾಗಿರಲಿಲ್ಲ. ಋತುಮತಿಯಾಗಿ ದೀಕ್ಷೆ ಪಡೆದ ಹುಡುಗಿ ತೊಡುವ ಗಟ್ಟಿ ಚೌಕದ ಮುಂಬಟ್ಟೆ ಇಸಿಫೆಫೆತು. ಮದುವೆಯಾದವಳು ತೊಡುವುದು ಆಡಿನ ಚರ್ಮದ ಮೇಲೆ ಮಣಿ ಹೊದಿಸಿದ, ಕೆಳಗೆ ಐದು ಬೆರಳಿನಂತೆ ಇಳಿಬಿದ್ದ ಇಜೊಗೊಲೊ. ಎದುರು ಬಂದವಳ ಮೈಮೇಲಿನ ಮಣಿ ನೋಡಿದರೆ ಅವಳ ಬದುಕು ಯಾವ ಘಟ್ಟದಲ್ಲಿದೆಯೆಂದು ತಿಳಿಯುತ್ತಿತ್ತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಲಿಂಗಾ ಕೋಬಾ. ಹಾಗೆಂದರೆ ಉದ್ದನೆಯ ಕಣ್ಣೀರು. ಮಗ ದೀಕ್ಷೆಗೆ ಹೋದಾಗ ತಾಯಿ ತಲೆಯ ಎರಡೂ ಬದಿಗೆ ನೆಲದತ್ತ ಇಳಿಬಿಡುವ ಮಣಿಯ ಪಟ್ಟಿಗಳು ಅವು. ಒಂದು ಕಡೆಯದು ಮಗುವನ್ನು ಕಳೆದುಕೊಂಡ ಕಣ್ಣೀರು, ಇನ್ನೊಂದು ಕಡೆಯದು ಗಂಡಸನ್ನು ಪಡೆದುಕೊಂಡ ಕಣ್ಣೀರು. ಮಕ್ಕಳನ್ನು ದುಬೈ, ಜೆದ್ದಾಗಳಿಗೆ ಕಳಿಸಿ ವಿಮಾನ ನಿಲ್ದಾಣದಿಂದ ಬರಿಗೈಲಿ ಮರಳುವ ನಮ್ಮ ಕಡೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಜನರಿಂದ ನೆಲ ಕಿತ್ತುಕೊಂಡದ್ದು ಒಂದು ಸರ್ಕಾರವಾದರೆ, ಮುಂದೆ ಬಂದ ವರ್ಣಭೇದದ ಸರ್ಕಾರ ಅವರ ಬಣ್ಣದ ಗೋಡೆಗಳನ್ನೂ ಮಣಿಗಳನ್ನೂ ಪ್ರವಾಸಿಗರಿಗೆ ತೋರಿಸುವ ಸರಕಾಗಿ ಮಾಡಿಕೊಂಡಿತು. ಆಮೇಲೆ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ಯುರೋಪುಗಳ ಹವ್ಯಾಸಿಗಳು ಈ ಹೆಣಿಗೆಯನ್ನು ಬಿಡಿಸಿ ನೋಡಿ ಕಲಿತರು, ಪುಸ್ತಕ ಬರೆದರು. ಇಂದು ಎರಡೂ ಹೆಸರು ಚಾಲ್ತಿಯಲ್ಲಿವೆ. ಆದರೆ ನಮ್ಮ ಹುಡುಗಿಯ ಚಾಪೆಯವರೆಗೆ ಬಂದು ಮುಟ್ಟಿದ್ದು ಮೀನು ಮಾತ್ರ. ಜನ ದಾರಿಯಲ್ಲೆಲ್ಲೋ ಉದುರಿಹೋಗಿದ್ದರು.

ಇದನ್ನು ಕಳ್ಳತನವೆನ್ನಬಹುದೇ? ಹಾಗೆಂದು ಕೂಗುವವರಿದ್ದಾರೆ, ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಹೆಣಿಗೆ ಹೊಲದಂತಲ್ಲ. ಹೊಲವನ್ನು ಇನ್ನೊಬ್ಬ ಉತ್ತರೆ ನಮಗೆ ಅದು ಇಲ್ಲವಾಗುತ್ತದೆ. ಹೆಣಿಗೆಯನ್ನು ಇನ್ನೊಬ್ಬಳು ಕಲಿತರೆ ಮೊದಲಿನವಳ ಬೆರಳಿನಿಂದ ಅದೇನೂ ಹೋಗುವುದಿಲ್ಲ. ಅಲ್ಲದೆ ಎನ್‌ಡೆಬೆಲೆ ಹೆಂಗಸರ ಕೈಯಲ್ಲಿದ್ದ ಮಣಿಯಾದರೂ ಎಲ್ಲಿಯದು? ವೆನಿಸ್ಸಿನ, ಬೊಹಿಮಿಯಾದ ಕುಲುಮೆಗಳಲ್ಲಿ ಹುಟ್ಟಿ ಹಡಗೇರಿ ಬಂದ ಗಾಜು ಅದು. ಆ ಮಣಿಯೂ ನಿಷ್ಪಾಪಿಯೇನಲ್ಲ. ಆಫ್ರಿಕದ ಕರಾವಳಿಯಲ್ಲಿ ಅದನ್ನು ಕೊಟ್ಟು ಆನೆದಂತ ಕೊಂಡರು, ಮನುಷ್ಯರನ್ನೂ ಕೊಂಡರು. ಅದೇ ಬಗೆಯ ಮಣಿ ಗುಜರಾತಿನ ವರ್ತಕರ ಕೈ ಹಿಡಿದು ಸೌರಾಷ್ಟ್ರಕ್ಕೂ ಬಂತು, ಅಲ್ಲಿನ ಹೆಂಗಸರ ಬೆರಳಲ್ಲಿ ತೋರಣವಾಯಿತು, ಎತ್ತಿನ ಕೋಡಿಗೆ ಅಲಂಕಾರವಾಯಿತು. ಶುದ್ಧ ಮೂಲವೊಂದನ್ನು ಹುಡುಕುತ್ತಾ ಹೋದರೆ ಕೈಗೆ ಸಿಗುವುದು ಸಂತೆಯೇ.

ನಮ್ಮ ಮನೆಗಳಲ್ಲೇ ನೋಡಿ. ದಖನಿ ಮುಸ್ಲಿಂ ಮದುವೆಯಲ್ಲಿ ಕಾಲಿ ಪೋತ್‌ನ ಲಚ್ಛಾ ಕೊರಳಿಗೆ ಬೀಳುತ್ತದೆ. ಪಕ್ಕದ ಮನೆಯ ಹಿಂದೂ ಹೆಣ್ಣುಮಗಳ ತಾಳಿಯಲ್ಲಿರುವುದೂ ಅದೇ ಕರಿಮಣಿ. ನಮ್ಮ ಓಣಿಯಲ್ಲಿ ಲಚ್ಛಾ ಕಟ್ಟಿಕೊಡುತ್ತಿದ್ದ ಖಾಲಾ ಒಬ್ಬರಿದ್ದರು. ದಾರ ಸವೆದ ತಾಳಿಯನ್ನು ಹಿಡಿದು ಲಿಂಗಾಯತರ ಮನೆಯವರೂ ಅವರ ಜಗುಲಿಗೇ ಬರುತ್ತಿದ್ದರು. ಯಾರಿಂದ ಯಾರು ಪಡೆದರೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಏಕೆಂದರೆ ಕೊಟ್ಟವರೂ ಪಡೆದವರೂ ಒಂದೇ ಬಾವಿಯ ನೀರು ಸೇದುವವರು. ಬೇಸರವಾದರೆ ಎದುರಿಗೆ ನಿಂತು ಬೈಯಬಹುದಿತ್ತು. ನೆರೆಯವರ ನಡುವಿನ ಕೊಡುಕೊಳ್ಳುವಿಕೆಗೂ ಮಾರುಕಟ್ಟೆಯ ಎತ್ತಿಕೊಳ್ಳುವಿಕೆಗೂ ಇರುವ ಅಂತರ ಇಲ್ಲಿದೆಯೆಂದು ನಮಗೆ ಅನಿಸುತ್ತದೆ. ನೆರೆಯವಳಿಗೆ ಮುಖವಿದೆ, ಬಾಯಿಯಿದೆ. ಸಾವಿರಾರು ಮೈಲಿ ಆಚೆಯ ಹೆಂಗಸು ಬೈಯಲು ನಮ್ಮ ಜಗುಲಿಗೆ ಬರಲಾರಳು.

ಕಾನೂನಿಗೂ ಈ ಅಂತರದ ಒಂದು ಮಂಕಾದ ಅರಿವು ಇದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ನಮ್ಮ ಭೌಗೋಳಿಕ ಗುರುತಿನ ಕಾಯ್ದೆಯಡಿ ಬೀದರಿನ ಬಿದರಿ ಕೆಲಸಕ್ಕೂ ಧಾರವಾಡ ಸೀಮೆಯ ಕಸೂತಿಗೂ ಮಾನ್ಯತೆ ಸಿಕ್ಕಿದೆ. ಆ ಕಾಯ್ದೆ ಕಾಯುವುದು ಹೆಸರನ್ನು, ವಿದ್ಯೆಯನ್ನಲ್ಲ. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವುದನ್ನು ಎಲ್ಲಿ ಯಾರು ಬೇಕಾದರೂ ಕಲಿಯಬಹುದು. ಬಿದರಿ ಎಂದು ಕರೆದು ಮಾರುವಂತಿಲ್ಲ, ಅಷ್ಟೇ. ಇದು ಒಳ್ಳೆಯದೇ. ಆದರೆ ಎನ್‌ಡೆಬೆಲೆ ಹೆಣಿಗೆಯ ವಿಷಯದಲ್ಲಿ ಸಮಸ್ಯೆ ತಲೆಕೆಳಗಾಗಿದೆ. ಅಲ್ಲಿ ಹೆಸರನ್ನು ಯಾರೂ ಕದಿಯಲಿಲ್ಲ, ಬಿಟ್ಟುಬಿಟ್ಟರು. ಬಿಟ್ಟುಬಿಡುವುದನ್ನು ತಡೆಯುವುದು ಇಂಥ ಕಾಯ್ದೆಯ ಕೆಲಸವಲ್ಲ. ಅದನ್ನು ಮನುಷ್ಯರೇ ನೋಡಿಕೊಳ್ಳಬೇಕು.

ಹೆಸರು ಹೇಳಿದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿದ್ದಾರೆ. ತುಂಬುವುದಿಲ್ಲ. 1935ರಲ್ಲಿ ಹುಟ್ಟಿದ ಎಸ್ತರ್ ಮಹ್ಲಾಂಗು ಅಜ್ಜಿ ಮತ್ತು ತಾಯಿಯಿಂದ ಗೋಡೆಗೆ ಬಣ್ಣ ಬರೆಯುವುದನ್ನು ಕಲಿತರು, 1991ರಲ್ಲಿ ಬಿಎಂಡಬ್ಲ್ಯು ಕಾರಿನ ಮೇಲೆ ಬರೆದರು, ಲೋಕಕ್ಕೆಲ್ಲ ಪರಿಚಿತರಾದರು. ಆದರೆ ಅವರಿಗೆ ಕಲಿಸಿದ ಅಜ್ಜಿಯರ ಪೀಳಿಗೆಗೆ ಸಿಕ್ಕಿದ್ದೇನು? ಕೂಲಿಯ ಪ್ರಶ್ನೆ ಹೆಸರಿನ ಪ್ರಶ್ನೆಗಿಂತ ದೊಡ್ಡದೆಂಬುದನ್ನು ನಾವು ಒಪ್ಪುತ್ತೇವೆ. ಸಾವಿರ ಮಣಿಯ ಪಟ್ಟಿಯೊಂದು ಒಂದು ಪ್ಲೇಟ್ ಬಿರಿಯಾನಿಯ ಬೆಲೆಗೆ ಸಿಗುತ್ತಿದ್ದರೆ ಎಲ್ಲೋ ಯಾವಳೋ ತನ್ನ ಕಣ್ಣನ್ನು ಅಗ್ಗಕ್ಕೆ ಮಾರಿದ್ದಾಳೆಂದೇ ಅರ್ಥ. ಆದರೆ ಒಂದನ್ನು ಗಮನಿಸಿ. ಹೆಸರಿಲ್ಲದವಳಿಗೆ ಕೂಲಿ ಕೇಳುವುದೂ ಕಷ್ಟ. ಮೀನಿನ ಮುಳ್ಳು ಯಾವತ್ತೂ ಬಾಕಿ ಕೇಳಲು ಬರುವುದಿಲ್ಲ.

ಸಂಗೀತಗಾರರು ಉಸ್ತಾದರ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುವುದನ್ನು ನೀವು ನೋಡಿರಬಹುದು. ಅದು ಅನುಮತಿ ಕೇಳುವುದಲ್ಲ, ರಾಯಧನವೂ ಅಲ್ಲ. ಇದು ನನ್ನಿಂದ ಶುರುವಾದದ್ದಲ್ಲ ಎಂದು ತನ್ನ ಮೈಗೆ ತಾನೇ ನೆನಪಿಸಿಕೊಳ್ಳುವುದು. ಜರಿ ಕೆಲಸದ ಕಾರ್ಖಾನೆಗಳಲ್ಲೂ ಶಾಗಿರ್ದ್ ತನ್ನ ಉಸ್ತಾದ್ ಯಾರೆಂದು ಹೇಳಿಯೇ ಕೆಲಸ ಕೇಳುತ್ತಿದ್ದ. ಹಾಗೆಂದು ಹೊಲಿಗೆ ಹಾಕುವಾಗಲೆಲ್ಲ ಕಿವಿ ಮುಟ್ಟಿಕೊಳ್ಳಿ ಎಂದು ನಾವು ಹುಡುಗಿಗೆ ಹೇಳಲಾರೆವು. ಅವಳಿಗೆ ಸೂಜಿ ಹಿಡಿಯಲೇ ಎರಡು ಕೈ ಸಾಲುತ್ತಿಲ್ಲ.

ಇಷ್ಟೆಲ್ಲ ಹೇಳುವ ನಾವು ಯಾರು? ಕಥೆ ಬರೆಯುವವರು. ಓಣಿಯ ಹೆಂಗಸರ ಬಾಯಿಂದ ಕೇಳಿದ್ದನ್ನು ಕನ್ನಡದಲ್ಲಿ ಹೆಣೆದು, ಅವರ ಹೆಸರು ತೆಗೆದು, ನಮ್ಮ ಹೆಸರು ಹಾಕಿ ಪತ್ರಿಕೆಗೆ ಕಳಿಸಿದವರು. ಮರ್ಯಾದೆ ಕಾಯಲು ಹೆಸರು ಬದಲಿಸುತ್ತೇವೆ ಎನ್ನುತ್ತೇವೆ, ಅದರಲ್ಲಿ ನಿಜವೂ ಇದೆ. ಸುಮಾರು 15 ವರ್ಷಗಳ ಹಿಂದೆ ಮೇಲೆ ಹೇಳಿದ ಖಾಲಾರನ್ನೇ ಇಟ್ಟುಕೊಂಡು ಒಂದು ಕಥೆ ಬರೆದೆವು. ಅವರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ, ಹಾಗಾಗಿ ತಿಳಿಯದೆಂದು ನೆಮ್ಮದಿಯಿಂದಿದ್ದೆವು. ಮೊಮ್ಮಗ ಕನ್ನಡ ಶಾಲೆಗೆ ಹೋಗುತ್ತಿದ್ದುದನ್ನು ಮರೆತಿದ್ದೆವು. ಅವನು ಪೂರ್ತಿ ಓದಿ ಹೇಳಿದ್ದ.

ಈದ್ ದಿನ ಸಲಾಂ ಹೇಳಲು ಹೋದಾಗ ಖಾಲಾ ಶೀರ್ ಖುರ್ಮಾ ಕೊಟ್ಟರು, ಎದುರಿಗೆ ಕೂತರು. ಈಗ ಬೈಗುಳ ಬಂತೆಂದು ಕಾದೆವು. 'ನನ್ನ ಕಥೆ ಬರೆದಿದ್ದೀಯಂತೆ ಬೇಟಾ. ಬರಿ, ಅದಕ್ಕೇನು. ಆದರೆ ಲಚ್ಛಾಗೆ ಗಂಟು ಎಡದಿಂದ ಹಾಕುತ್ತೇನೆಂದು ಬರೆದಿದ್ದೀಯಂತೆ. ನಾನು ಯಾವತ್ತು ಎಡದಿಂದ ಹಾಕಿದ್ದೆ? ನನ್ನ ಸಾಸ್ ನನಗೆ ಹಾಗೆ ಕಲಿಸಿದ್ದರಾ?' ಎಂದರು. ನಾವು ಬಟ್ಟಲು ಕೆಳಗಿಟ್ಟೆವು. ಅವರು ಒಳಗಿನಿಂದ ದಾರ ತಂದು, ನಮ್ಮ ಕೈಗೆ ಕೊಟ್ಟು, ಗಂಟು ಹಾಕಿಸಿದರು. ಮೂರು ಸಲ ಬಿಚ್ಚಿಸಿ, ಮೂರು ಸಲ ಹಾಕಿಸಿದರು. ಅವರ ಅತ್ತೆಯ ಹೆಸರೇನೆಂದು ಕೇಳಬೇಕೆಂದು ನಮಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಖಾಲಾ ಈಗಿಲ್ಲ.